ಹಡಗಿನ ಕೆಲಸಕ್ಕೆ ಏಜೆಂಟ್ ಹಣ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ

ನನ್ನ ಅಕ್ಕನ ಮಗನಿಗೆ ಮರ್ಚೆಂಟ್ ನೇವಿಯಲ್ಲಿ ಕೆಲಸ ಕೊಡಿಸುತ್ತೇನೆಂದು ನವಿ ಮುಂಬೈಯ ಏಜೆಂಟನೊಬ್ಬ ನಾಲ್ಕು ಲಕ್ಷ ರೂಪಾಯಿ ಪಡೆದ. ಅಕ್ಕ ಒಡವೆ ಅಡವಿಟ್ಟು ತಂದ ಹಣ ಅದು. ಹುಡುಗ ಮರಳಿ ಬಂದಿದ್ದಾನೆ, ಹಣ ಬಂದಿಲ್ಲ. ಕರಾವಳಿಯ ಬೇರೆ ಮನೆಗಳಲ್ಲೂ ಇಂಥದೇ ಮಾತುಕತೆ ನಡೆಯುತ್ತಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಆ ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಜಗತ್ತಿನ ವ್ಯಾಪಾರದ ಸರಕಿನಲ್ಲಿ ಶೇ. 80ರಷ್ಟು ಸಾಗುವುದು ಸಮುದ್ರದ ಮೇಲೆಯೇ. ನಾವಿಕರು ಬೇಕೇ ಬೇಕು. ಆದರೆ ಹತ್ತನೇ ತರಗತಿ ಪಾಸಾದವರು ಡೆಕ್ಕಿಗೋ ಎಂಜಿನ್ ಕೋಣೆಗೋ ಸೇರಲು ಡಿಜಿ ಶಿಪ್ಪಿಂಗ್ (ಹಡಗುಗಳ ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ನಿರ್ದೇಶನಾಲಯ) ಮಾನ್ಯತೆಯ ಸಂಸ್ಥೆಯಲ್ಲಿ 6 ತಿಂಗಳ ಜಿ.ಪಿ. ರೇಟಿಂಗ್ ಎಂಬ ಕಿರಿಯ ಸಿಬ್ಬಂದಿಯ ತರಬೇತಿ ಪಡೆಯುವುದು ಸರಿಯಾದ ದಾರಿ. ‘ಅದೆಲ್ಲ ಯಾಕೆ, ಬೇರೆ ದೇಶದ ಸಿಡಿಸಿ ಮಾಡಿಸಿಕೊಡುತ್ತೇನೆ’ ಎಂದ ಈ ಮಹಾಶಯ. ಸಿಡಿಸಿ ಎಂದರೆ ನಾವಿಕನ ಸೇವೆಯ ದಾಖಲೆ ಪುಸ್ತಕ.

ಕಂಟೇನರ್ ಹಡಗು ಎಂದು ಹೇಳಿ, ಪ್ರವಾಸಿ ವೀಸಾದಲ್ಲಿ ದುಬೈಗೆ ಕಳುಹಿಸಿದ. ಹತ್ತಿಸಿದ್ದು ಶಾರ್ಜಾದ ಆಚೆ ಲಂಗರು ಹಾಕಿದ್ದ ತುಕ್ಕು ಹಿಡಿದ ಸಣ್ಣ ತೈಲದ ಹಡಗು. ಪಾಸ್‌ಪೋರ್ಟ್ ಕ್ಯಾಪ್ಟನ್ ಬಳಿ. ಸಂಬಳ ‘ಮುಂದಿನ ತಿಂಗಳು’. ಕುಡಿಯುವ ನೀರಿಗೂ ಲೆಕ್ಕ. ಭಾರತೀಯ ಕಾನ್ಸುಲೇಟ್‌ಗೆ ದೂರು ಕೊಟ್ಟ ಮೇಲೆಯೇ ಹುಡುಗ ದಡ ಸೇರಿದ್ದು. ವಿಮಾನದ ಟಿಕೆಟ್, ವೀಸಾ ಅವಧಿ ಮೀರಿದ ದಂಡ ಎರಡನ್ನೂ ನಾವೇ ಕಟ್ಟಿದೆವು. ಆ ಅನುಭವವನ್ನು ಇಲ್ಲಿನ ಯಾವ ಕಂಪನಿಯೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಭಾರತದಲ್ಲಿ ನಾವಿಕರನ್ನು ನೇಮಿಸಿ ಕಳುಹಿಸುವವರಿಗೆ ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಪರವಾನಗಿ ಕಡ್ಡಾಯ. ಪರವಾನಗಿ ಇದ್ದವರೂ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ. ಭಾರತ 2015ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿಯ ಖರ್ಚನ್ನು ಮಾತ್ರ ನಾವಿಕನಿಂದ ಪಡೆಯಬಹುದು. ವೀಸಾದ ಖರ್ಚು ಹಡಗಿನ ಮಾಲೀಕನದು. ನಮ್ಮ ಏಜೆಂಟ್ ತೋರಿಸಿದ ಪರವಾನಗಿ ಬೇರೊಂದು ಕಂಪನಿಯದು. ಡಿಜಿ ಶಿಪ್ಪಿಂಗ್ ಜಾಲತಾಣದ ಪಟ್ಟಿಯಲ್ಲಿ ಹೆಸರು ಹುಡುಕಿ, ಏಜೆಂಟ್ ಕೊಟ್ಟ ಸಂಖ್ಯೆಗಲ್ಲ, ಅಲ್ಲಿರುವ ಸಂಖ್ಯೆಗೇ ಫೋನ್ ಮಾಡಿ. ಸಹಿಯಾದ ಉದ್ಯೋಗ ಕರಾರುಪತ್ರ ಕೈಗೆ ಬರದೆ ಹುಡುಗನನ್ನು ವಿಮಾನ ಹತ್ತಿಸಬೇಡಿ. ಹಡಗಿನ ಹೆಸರು, ಅದನ್ನು ಗುರುತಿಸುವ 7 ಅಂಕಿಗಳ ಅಂತರರಾಷ್ಟ್ರೀಯ ಐಎಂಒ ಸಂಖ್ಯೆ ಎರಡೂ ಮನೆಯವರ ಬಳಿ ಇರಲಿ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಬಹುಪಾಲು ಹಣವನ್ನು ಏಜೆಂಟ್ ನಗದಾಗಿಯೇ ಕೇಳಿ ಪಡೆದಿದ್ದರಿಂದ ತೋರಿಸಲು ಇರುವುದು ಬ್ಯಾಂಕಿನ ಒಂದು ವರ್ಗಾವಣೆ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳು ಮಾತ್ರ. ಈಗಾಗಲೇ ಹಣ ಕೊಟ್ಟವರು ಅಂಥ ಸಂದೇಶಗಳನ್ನು ಅಳಿಸಬೇಡಿ.