ರೊಟೊರುವಾದಲ್ಲಿ ಸ್ಪಾಗಿಂತ ಮೊದಲು ಫಾಕರೆವರೆವಾ ಹಳ್ಳಿ ನೋಡಿ

ನ್ಯೂಜಿಲೆಂಡ್‌ನ ರೊಟೊರುವಾಗೆ ಹೋದೋರೆಲ್ಲ ಮಾಡೋದು ಹೆಚ್ಚುಕಮ್ಮಿ ಒಂದೇ, ಬಿಸಿನೀರಲ್ಲಿ ಕೂತು ಮೈಕೈ ನೋವು ಕಳ್ಕೊಂಡು ನಾಲ್ಕು ಫೋಟೊ ತಗೊಂಡು ಬರೋದು. ಮೊದಲನೇ ದಿನ ನಾವೂ ಅದನ್ನೇ ಮಾಡಿದ್ವಿ. ನೀರು ಚೆನ್ನಾಗೇ ಇತ್ತು, ಆದ್ರೆ ಈ ಬುಗ್ಗೆಗಳನ್ನ ಮೊದಲಿಂದ ಯಾರು ನೋಡ್ಕೊಂಡು ಬಂದಿದಾರೆ ಅಂತ ಕೌಂಟರ್‌ನಲ್ಲಿ ಕೇಳಿದ್ರೆ ಕೈಗೊಂದು ಬ್ರೋಷರ್ ಕೊಟ್ರು, ಅದರಲ್ಲಿ ಪ್ಯಾಕೇಜ್ ರೇಟ್ ಬಿಟ್ರೆ ಬೇರೇನೂ ಇರ್ಲಿಲ್ಲ. ನಿಜವಾಗ್ಲೂ ಬೇಜಾರಾಯ್ತು.

ಮಾರನೇ ದಿನ ಫಾಕರೆವರೆವಾ ಅನ್ನೋ ಮಾವೊರಿ (ನ್ಯೂಜಿಲೆಂಡ್‌ನ ಮೂಲನಿವಾಸಿಗಳು) ಹಳ್ಳಿಗೆ ಗೈಡ್ ಜೊತೆ ಹೋಗೋ ಟಿಕೆಟ್ ತಗೊಂಡ್ವಿ. ಊರಿನೋರು ಚಿಕ್ಕದಾಗಿ ಫಾಕಾ ಅಂತಾರೆ. ಇದು ಟೂರಿಸ್ಟ್‌ಗಳಿಗೆ ಅಂತ ಕಟ್ಟಿದ ಸೆಟ್ ಅಲ್ಲ, ಜನ ಸಂಸಾರ ಮಾಡ್ಕೊಂಡಿರೋ ಊರು, ಬಟ್ಟೆ ಒಣಗಾಕಿರೋ ಹಿತ್ತಲಲ್ಲೇ ನೆಲದಿಂದ ಹಬೆ ಏಳ್ತಿರುತ್ತೆ, ಗಂಧಕದ ವಾಸನೆ ಅಂತೂ ಹತ್ತು ನಿಮಿಷ ಮೂಗಿಗೆ ಹೊಡೆದು ಆಮೇಲೆ ಅಭ್ಯಾಸ ಆಗೋಗುತ್ತೆ.

ನನಗೆ ಮರೆಯೋಕಾಗದೇ ಇರೋದು ಪರೆಕೊಹುರು ಅನ್ನೋ ಕುದಿಯೋ ಕೊಳ. ನೀರು ಒಳ್ಳೇ ಪಚ್ಚೆ ನೀಲಿ, ಸುಮ್ನೆ ಇದ್ದಿದ್ದು ಇದ್ದಕ್ಕಿದ್ದಂಗೆ ಉಕ್ಕಿ ಮೇಲೆ ಬರುತ್ತೆ, ಮತ್ತೆ ಇಳಿಯುತ್ತೆ. ಮುಸುಕಿನ ಜೋಳನ ತೆಳು ಬಟ್ಟೆ ಚೀಲದಲ್ಲಿ ಕಟ್ಟಿ ಅದಕ್ಕೇ ಇಳಿಬಿಟ್ಟು ಬೇಯಿಸ್ತಾರೆ. ಬಿಸಿಬಿಸಿ ತೆನೆ ಕೈಲಿ ಹಿಡ್ಕೊಂಡು ತಿಂದೆ, ಉಪ್ಪು ಹಾಕೋದೇ ಬೇಡ, ನೀರಿನ ಖನಿಜದ ರುಚಿನೇ ಹತ್ತಿರುತ್ತೆ. ಮಾಂಸ, ಗೆಡ್ಡೆಗಳಿಗೆ ಹಬೆ ಬರೋ ಜಾಗದ ಮೇಲೆ ಪೆಟ್ಟಿಗೆ ಇಟ್ಟಿದಾರೆ, ಒಲೆನೂ ಇಲ್ಲ ಗ್ಯಾಸೂ ಇಲ್ಲ. ಇದೇ ಕೊಳದ ನೀರು ಸಣ್ಣ ಕಾಲುವೆಲಿ ಹರಿದು ಆರಿ ಸ್ನಾನದ ತೊಟ್ಟಿಗಳಿಗೆ ಬರುತ್ತೆ, ಹಳ್ಳಿಯೋರು ಇವತ್ತಿಗೂ ಅಲ್ಲೇ ಸ್ನಾನ ಮಾಡ್ತಾರೆ.

ಇತಿಹಾಸ ಇಲ್ಲೇ ಶುರು. ಟೂಹೊರಾಂಗಿ ಅನ್ನೋ ಮಾವೊರಿ ಕುಲದೋರು ಮೊದಲು ತರವೆರಾ ಅನ್ನೋ ಜ್ವಾಲಾಮುಖಿ ಬೆಟ್ಟದ ಕಡೆ ಇದ್ರು, ರೋಟೊಮಹಾನಾ ಕೆರೆ ದಡದ ಬಿಸಿನೀರಿನ ಖನಿಜದಿಂದ ತಾನಾಗೇ ಆದ ಗುಲಾಬಿ, ಬಿಳಿ ಕಲ್ಲಿನ ಮೆಟ್ಟಿಲುಗಳನ್ನ ನೋಡೋಕೆ ದೂರ ದೂರದಿಂದ ಬರೋರಿಗೆ ಅವರೇ ಗೈಡ್. 1886ರ ಜೂನ್ 10ರ ರಾತ್ರಿ ತರವೆರಾ ಸಿಡಿದು ಸುಮಾರು 120 ಜನ ಸತ್ರು, ಮೆಟ್ಟಿಲುಗಳೂ ಹೋದ್ವು, ಅವರಿದ್ದ ತೆ ವೈರೋವಾ ಊರು ಬೂದಿ ಕೆಸರಿನ ಕೆಳಗೆ ಹೂತೋಯ್ತು. ಅಲ್ಲಿನ ಗೈಡ್ ಸೋಫಿಯಾ ಹಿನೆರಾಂಗಿ ಮನೆಲಿ ಆಶ್ರಯ ತಗೊಂಡೋರು ಉಳ್ಕೊಂಡ್ರು. ಎಲ್ಲಾ ಕಳ್ಕೊಂಡು ಬಂದೋರಲ್ಲಿ ಎಷ್ಟೋ ಜನಕ್ಕೆ ನೆಲೆ ಆಗಿದ್ದು ಫಾಕರೆವರೆವಾ, ಸೋಫಿಯಾನೂ ಇಲ್ಲಿ ಮತ್ತೆ ಗೈಡ್ ಕೆಲಸ ಹಿಡಿದಳು. ನಮ್ಮ ಗೈಡ್ ಇದನ್ನ ಹೇಳೋವಾಗ 'ನಮ್ಮೋರು' ಅಂತಲೇ ಹೇಳಿದ್ದು, ಮನೆ ಅಜ್ಜಿ ವಿಷಯ ಹೇಳಿದಂಗೆ.

ರೊಟೊರುವಾ ಪಟ್ಟಣದ ಕಥೆ ಬೇರೆ. ಅದು ಙಾಟಿ ಫಕಾವೆ ಅನ್ನೋ ಇನ್ನೊಂದು ಮಾವೊರಿ ಕುಲದೋರ ನೆಲ. 1880ರಲ್ಲಿ ಸರ್ಕಾರದ ಜೊತೆ ಒಪ್ಪಂದ ಆಗಿ 99 ವರ್ಷದ ಲೀಸಿನ ಮೇಲೆ ಊರು ಕಟ್ಟೋದು ಅಂತಾಯ್ತು, ಆಮೇಲೆ ಲೀಸ್ ದುಡ್ಡೇ ಸರಿಯಾಗಿ ಬರ್ಲಿಲ್ಲ, ಹತ್ತು ವರ್ಷದೊಳಗೆ ಪಟ್ಟಣದ ಜಾಗ ಸರ್ಕಾರದ ಪಾಲಾಯ್ತು. ಪಟ್ಟಣದಲ್ಲಿ ಸರ್ಕಾರ ಕಟ್ಟಿಸಿದ 1908ರ ಆ ಚಂದದ ಬಾತ್ ಹೌಸ್ (ಸ್ನಾನಗೃಹ) ಮುಂದೆ ನಿಂತಾಗ ಇದು ಗೊತ್ತಿರ್ಬೇಕು. (ಕಟ್ಟಡ 2016ರಲ್ಲಿ ಭೂಕಂಪದ ಸುರಕ್ಷತೆ ಕಾರಣಕ್ಕೆ ಮುಚ್ಚಿದ್ದು, ನಾವು ಹೊರಗಿಂದಷ್ಟೇ ನೋಡಿದ್ವಿ.)

ಇನ್ನೊಂದು ವಿಷ್ಯ. ಊರಲ್ಲಿ ಎಲ್ಲರೂ ಬೋರ್ ಕೊರೆದು ಬಿಸಿನೀರು ಎತ್ತಿ ಎತ್ತಿ ಬುಗ್ಗೆಗಳು ಸೊರಗಿಹೋಗಿದ್ವಂತೆ, 1986-87ರಲ್ಲಿ ಪೊಹುಟು ಗೀಸರ್ (ನೆಲದಿಂದ ಆಗಾಗ ಮೇಲಕ್ಕೆ ಚಿಮ್ಮೋ ಬಿಸಿನೀರಿನ ಬುಗ್ಗೆ) ಸುತ್ತ 1.5 ಕಿಲೋಮೀಟರ್ ಒಳಗಿನ ಬೋರ್‌ಗಳನ್ನ ಮುಚ್ಚಿಸಿದ ಮೇಲೇ ಚೇತರಿಸಿಕೊಂಡಿದ್ದು.

ಪೊಹುಟು 30 ಮೀಟರ್‌ವರೆಗೂ ಚಿಮ್ಮುತ್ತೆ, ಆದ್ರೆ ಹಳ್ಳಿ ಕಡೆಯಿಂದ ಸ್ವಲ್ಪ ದೂರದಿಂದ ಕಾಣೋದು. ತೀರಾ ಹತ್ರದಿಂದಲೇ ನೋಡ್ಬೇಕು ಅನ್ನೋರು ಪಕ್ಕದಲ್ಲೇ ಇರೋ ತೆ ಪುಯಿಯಾ ಅನ್ನೋ ಪ್ರವಾಸಿ ತಾಣಕ್ಕೆ ಬೇರೆ ಟಿಕೆಟ್ ತಗೋಬೇಕು. ನನ್ನ ಕೇಳಿದ್ರೆ ಹಳ್ಳಿನೇ ಮೇಲು. ಗೈಡ್ ಇಲ್ದೆ ಮಾತ್ರ ಸುತ್ತಬೇಡಿ, ಅರ್ಧ ಮಜಾ ಅವರ ಮಾತಲ್ಲೇ ಇದೆ. ಹಾಕಿರೋ ದಾರಿ ಬಿಟ್ಟು ಕಾಲಿಡಬೇಡಿ, ನೆಲ ತೆಳು, ಕೆಳಗೆಲ್ಲ ಕುದೀತಿದೆ, ಅದಕ್ಕೇ ಅಲ್ಲಿ ಸಮಾಧಿಗಳನ್ನೂ ನೆಲದ ಮೇಲೇ ಕಟ್ಟಿದಾರೆ. ಮತ್ತೆ ಸಂಜೆವರೆಗೂ ಎಳೀಬೇಡಿ, ಆ ತೊಟ್ಟಿಗಳು ಆಗ ಊರಿನೋರ ಸ್ನಾನಕ್ಕೆ.