ಚಿಪ್‌ಮಂಕ್: ಸ್ಟಾಲ್‌ನಲ್ಲಿ ಸಾಧು, ಸ್ಪಿನ್‌ನಲ್ಲಿ ಖಡಕ್

ಡಿ ಹ್ಯಾವಿಲೆಂಡ್ ಕೆನಡಾದ ಈ ಎರಡು ಸೀಟಿನ ತರಬೇತಿ ವಿಮಾನ ಮೊದಲು ಹಾರಿದ್ದು 1946ರಲ್ಲಿ. ಕಂಟ್ರೋಲ್‌ಗಳ ನಯಕ್ಕೆ ಇವತ್ತಿಗೂ ಪೂರ್ತಿ ಅಂಕ ಕೊಡಬಹುದು. ಸ್ಪಿನ್ (ವಿಮಾನ ಗಿರಗಿರನೆ ತಿರುಗುತ್ತಾ ಕೆಳಗೆ ಬೀಳುವ ಸ್ಥಿತಿ) ವಿಷಯಕ್ಕೆ ಬಂದರೆ ಅದು ಅರೆಬರೆ ಕೆಲಸವನ್ನು ಒಪ್ಪುವುದಿಲ್ಲ.

ಸ್ಟಾಲ್ (ಗಾಳಿಗೆ ರೆಕ್ಕೆಯ ಓರೆ ಅತಿಯಾಗಿ ಎತ್ತುವ ಬಲ ಕುಸಿಯುವುದು) ಬಗ್ಗೆ ದೂರಿಲ್ಲ. ಪವರ್ ಇಳಿಸಿ, ಫ್ಲ್ಯಾಪ್ (ನಿಧಾನ ಹಾರಾಟಕ್ಕೆ ರೆಕ್ಕೆಯ ಹಿಂಬದಿ ಇಳಿಸುವ ಹಲಗೆ) ಇಲ್ಲದೆ ನಿಧಾನಿಸಿದರೆ ಸಣ್ಣ ನಡುಕ ಬಂದು ಮೂಗು ಬಾಗುತ್ತದೆ. ಸ್ಟಿಕ್ ತುಸು ಮುಂದೆ ಮಾಡಿದರೆ ಮುಗಿಯಿತು. ಪವರ್, ಫ್ಲ್ಯಾಪ್ ಎರಡೂ ಇದ್ದಾಗ ಒಂದು ಬದಿಯ ರೆಕ್ಕೆ ಕೆಳಗೆ ವಾಲಬಹುದು. ಅದನ್ನು ಏಲರಾನ್‌ನಿಂದ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆ ತುದಿಯ ಹಲಗೆ) ಎತ್ತಲು ಹೋಗಬೇಡಿ. ಆಗಲೇ ಸ್ಟಾಲ್ ಆದ ರೆಕ್ಕೆಗೆ ಏಲರಾನ್ ಕೆಳಗಿಳಿಸಿದರೆ ಸ್ಟಾಲ್ ಇನ್ನೂ ಹೆಚ್ಚಾಗಿ ವಿಮಾನ ಸ್ಪಿನ್‌ಗೆ ಜಾರಬಹುದು.

ಸ್ಪಿನ್‌ಗೆ ಮುಂಚೆ ಫ್ಲ್ಯಾಪ್ ಮೇಲೆ, ಬ್ರೇಕ್ ಲಿವರ್ ಪೂರ್ತಿ ಆಫ್. ಲಿವರ್ ಸ್ವಲ್ಪ ಎಳೆದೇ ಇದ್ದರೆ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಪೂರ್ತಿ ಹೋಗದಿರಬಹುದು. ಬೇಕಾದ ಹೊತ್ತಿಗೆ ಅದು ಗೊತ್ತಾದರೆ ಏನು ಪ್ರಯೋಜನ? ಬೆಲ್ಟ್ ಬಿಗಿದ ಮೇಲೂ ಕೈ ಸ್ಟಿಕ್ಕನ್ನು ಮುಂದಿನ ತಡೆಯವರೆಗೆ ಒಯ್ಯುತ್ತದೆಯೇ ಎಂದು ನೆಲದಲ್ಲೇ ನೋಡಿಕೊಳ್ಳಿ.

ಹೊರಬರುವುದು ಹೀಗೆ: ಥ್ರಾಟಲ್ ಮುಚ್ಚಿ, ತಿರುಗುವ ದಿಕ್ಕು ಖಚಿತಪಡಿಸಿಕೊಂಡು ಎದುರು ರಡ್ಡರ್ ಪೂರ್ತಿ ಒತ್ತಿ. ಒಂದು ಕ್ಷಣ ತಡೆದು, ಏಲರಾನ್ ಮಧ್ಯದಲ್ಲೇ ಇಟ್ಟು, ತಿರುಗುವುದು ನಿಲ್ಲುವ ತನಕ ಸ್ಟಿಕ್ ಮುಂದೆ ತಳ್ಳುತ್ತಾ ಹೋಗಿ. ತಡೆ ಮುಟ್ಟುವವರೆಗೂ ಬೇಕಾಗಬಹುದು, ಕೈಗೆ ಚೆನ್ನಾಗಿಯೇ ಭಾರ ಬೀಳುತ್ತದೆ. ನಿಂತ ತಕ್ಷಣ ರಡ್ಡರ್ ಮಧ್ಯಕ್ಕೆ ತಂದು, ರೆಕ್ಕೆ ಸಮ ಮಾಡಿ, ಮೂಗನ್ನು ಹದವಾಗಿ ಎತ್ತಿ.

ಎಡವುವುದು ನಡುವಿನಲ್ಲಿ. ಸ್ಟಿಕ್ ಮುಂದೆ ಹೋಗುತ್ತಿದ್ದಂತೆ ಮೂಗು ಇನ್ನಷ್ಟು ಕೆಳಗಾಗಿ ತಿರುಗುವ ವೇಗ ಏರುತ್ತದೆ. ಕೆಟ್ಟಿತು ಎಂದುಕೊಂಡು ಕೆಲವರು ಸ್ಟಿಕ್ ಹಿಂದಕ್ಕೆಳೆಯುತ್ತಾರೆ. ಅಸಲಿಗೆ ಅದು ಸ್ಪಿನ್ ಬಿಡುವ ಮುನ್ಸೂಚನೆ. ಕೂಡಲೇ ನಿಲ್ಲದೆ ಇನ್ನೂ ಕೆಲವು ಸುತ್ತು ಹಾಕಿದರೂ ರಡ್ಡರ್, ಸ್ಟಿಕ್ ಎರಡನ್ನೂ ಬಿಡಬೇಡಿ. ಏರ್‌ಸ್ಪೀಡ್ ಸತತವಾಗಿ ಏರುತ್ತಿದ್ದರೆ ಮಾತ್ರ ಅದು ಸ್ಪಿನ್ನಲ್ಲ, ಸ್ಪೈರಲ್ ಡೈವ್, ಅಂದರೆ ಸ್ಟಾಲ್ ಇಲ್ಲದೆ ಸುತ್ತುತ್ತಾ ಕೆಳಗೆ ಧುಮುಕುವುದು. ಆಗ ರೆಕ್ಕೆ ಸಮ ಮಾಡುವುದೇ ಮದ್ದು.

ಬಾಲದ ಅಡ್ಡರೆಕ್ಕೆಯ ಮುಂದೆ ಫ್ಯೂಸಲೇಜ್‌ಗೆ ಹಚ್ಚಿದ ಉದ್ದನೆಯ ಪಟ್ಟಿಗಳು, ಅಂದರೆ ಸ್ಟ್ರೇಕ್‌ಗಳು, ಸ್ಪಿನ್‌ನಿಂದ ಹೊರಬರಲು ನೆರವಾಗಲೆಂದೇ ಬಂದವು. ಕೊಳ್ಳುವಾಗ ಅವುಗಳನ್ನೂ ರಡ್ಡರ್ ಹಾಗೂ ಎಲಿವೇಟರ್‌ಗಳ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಹಲಗೆಗಳು) ಪೂರ್ತಿ ಚಲನೆಯನ್ನೂ ಅಳೆದು ನೋಡಿಸಿ. ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಸ್ಪಿನ್‌ನಲ್ಲಿ ಪ್ರೊಪೆಲ್ಲರ್ ನಿಂತುಬಿಡುವುದೂ ಉಂಟು. ಡೈವ್ ಮಾಡಿ ಗಾಳಿಯ ಬಲದಿಂದ ಅದನ್ನು ಮತ್ತೆ ತಿರುಗಿಸಲು ಬಹಳ ಎತ್ತರ ಖರ್ಚಾಗುವುದರಿಂದ ಸ್ಟಾರ್ಟರ್ ಕೆಲಸ ಮಾಡುತ್ತದೆಯೇ ಎಂಬುದನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿ.