ಮೈಕ್ರೋಟಿಕ್ ಹೆಕ್ಸ್: ಫೈಬರ್ ಬಿದ್ದಾಗ ಯಾರಿಗೆ ದಾರಿ, ಯಾರಿಗೆ ತಡೆ

ನಮ್ಮ ಆಫೀಸಿಗೆ ಎರಡು ಇಂಟರ್ನೆಟ್ ಲೈನ್. ಒಂದು ಫೈಬರ್, ಇನ್ನೊಂದು 4ಜಿ. ಎರಡನ್ನೂ ಸಂಭಾಳಿಸುವುದು ಮೈಕ್ರೋಟಿಕ್‌ನ ಹೆಕ್ಸ್ ರೂಟರ್, 5 ಗಿಗಾಬಿಟ್ ಪೋರ್ಟ್‌ಗಳ ಸಣ್ಣ ಡಬ್ಬಿ. ಒಂದು ಲೈನ್ ಹೋದರೆ ಇನ್ನೊಂದಕ್ಕೆ ಹೋಗುವ ರೂಟರ್‌ಗಳು ಬೇಕಾದಷ್ಟಿವೆ. ಯಾವ ಟ್ರಾಫಿಕ್ ಹೋಗಬೇಕು, ಯಾವುದು ಹೋಗಲೇಬಾರದು ಅಂತ ಇಷ್ಟು ಖಚಿತವಾಗಿ ಹೇಳಲು ಬಿಡುತ್ತದಲ್ಲ, ಅದಕ್ಕೇ ವರ್ಷಗಳಿಂದ ಇದನ್ನು ಬದಲಿಸಿಲ್ಲ.

ನಮ್ಮ 4ಜಿಗೆ ಡೇಟಾ ಮಿತಿ ಇದೆ. ಸಿಸಿಟಿವಿ ಕ್ಯಾಮೆರಾಗಳು ಕ್ಲೌಡ್‌ಗೆ ಸದಾ ವಿಡಿಯೊ ಕಳಿಸುತ್ತಿರುತ್ತವೆ. ಫೈಬರ್ ಬಿದ್ದಾಗ ಅವೂ 4ಜಿಗೆ ಬಂದರೆ ಆಫೀಸಿನ ಬಿಲ್ಲಿಂಗ್ ಕೆಲಸಕ್ಕೆ ಡೇಟಾ ಏನೂ ಉಳಿಯುವುದಿಲ್ಲ. ಹಾಗಾಗಿ ಕ್ಯಾಮೆರಾಗಳಿಗೇ ಬೇರೆ ರೂಟಿಂಗ್ ಟೇಬಲ್ (ಟ್ರಾಫಿಕ್ ಯಾವ ದಾರಿಯಲ್ಲಿ ಹೋಗಬೇಕೆಂಬ ಪಟ್ಟಿ) ಮಾಡಿದ್ದೇನೆ. ಅದರಲ್ಲಿರುವುದು ಫೈಬರ್ ದಾರಿ ಮಾತ್ರ. ಕ್ಯಾಮೆರಾಗಳನ್ನು ಈ ಟೇಬಲ್‌ಗೆ ಕಳಿಸುವ ರೂಲ್‌ನಲ್ಲಿ ಬರೀ ‘ಲುಕಪ್’ ಅಂತಿಟ್ಟರೆ, ಅಲ್ಲಿ ದಾರಿ ಸಿಗದ ಪ್ಯಾಕೆಟ್ (ಡೇಟಾ ತುಣುಕು) ಉಳಿದವರೆಲ್ಲ ಬಳಸುವ ಮೇನ್ ಟೇಬಲ್‌ಗೆ ಹೋಗಿ 4ಜಿ ಹಿಡಿಯುತ್ತದೆ. ‘ಲುಕಪ್ ಓನ್ಲಿ ಇನ್ ಟೇಬಲ್’ ಅಂತಿಟ್ಟರೆ ಅಲ್ಲೇ ನಿಲ್ಲುತ್ತದೆ. ಪಟ್ಟಿಯಲ್ಲಿ ಈ ರೂಲ್‌ಗಿಂತ ಮೇಲೆ, ಆಫೀಸಿನ ಒಳಗಿನ ವಿಳಾಸಗಳಿಗೆ ಮೇನ್ ಟೇಬಲ್ ತೋರಿಸುವ ಇನ್ನೊಂದು ರೂಲ್ ಬೇಕು. ಇಲ್ಲದಿದ್ದರೆ ನಮ್ಮ ಕಂಪ್ಯೂಟರ್‌ಗಳಲ್ಲೇ ಕ್ಯಾಮೆರಾ ಕಾಣುವುದಿಲ್ಲ.

ಲೈನ್ ಬಿದ್ದದ್ದನ್ನು ಕಂಡುಹಿಡಿಯುವುದೂ ಅಷ್ಟೇ ಮುಖ್ಯ. ಎಷ್ಟೋ ಸಲ ಮೋಡೆಮ್ ದೀಪ ಹಸಿರಾಗಿಯೇ ಇರುತ್ತದೆ, ಆಚೆ ಏನೂ ಇರುವುದಿಲ್ಲ. ಗೇಟ್‌ವೇಗೆ (ನಮ್ಮ ರೂಟರ್‌ನಿಂದ ಹೊರಗೆ ಹೋಗುವ ಮೊದಲ ನಿಲ್ದಾಣ) ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ’ ಅಂತ ಕೇಳಿದರೆ, ಸುಮ್ನೆ ಉತ್ತರ ಬರುತ್ತದೆ. ಅದಕ್ಕೆ ರಿಕರ್ಸಿವ್ ರೂಟ್ ಬೇಕು: ಹೊರಗಿನ ಒಂದು ವಿಳಾಸಕ್ಕೆ ಫೈಬರ್ ಮೂಲಕವೇ ದಾರಿ ಕಟ್ಟಿ, ಅದನ್ನೇ ಡೀಫಾಲ್ಟ್ ರೂಟ್‌ನ (ಬೇರೆ ದಾರಿ ಹೇಳದ ಟ್ರಾಫಿಕ್‌ಗೆಲ್ಲ ಇರುವ ದಾರಿ) ಗೇಟ್‌ವೇ ಮಾಡಿ ಪಿಂಗ್ ಚೆಕ್ ಹಾಕುವುದು. 10 ಸೆಕೆಂಡಿಗೊಂದು ಪಿಂಗ್, ಎರಡು ತಪ್ಪಿದರೆ ದಾರಿ ಸತ್ತಂತೆ. ವಿಡಿಯೊ ಕಾಲ್‌ನಲ್ಲಿ ಇರುವವರಿಗೆ ಇಷ್ಟು ಕಾಯುವುದು ಜಾಸ್ತಿಯೇ. ಪರೀಕ್ಷೆಗೆ ಇಟ್ಟ ವಿಳಾಸವನ್ನು ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಆಗಿ ಕೊಡಬೇಡಿ. ಫೈಬರ್ ಹೋದಾಗ ಅದೂ ಸಿಗುವುದಿಲ್ಲ, ಅಲ್ವಾ.

ಆನ್‌ಲೈನ್‌ನಲ್ಲಿ ಸಿಗುವ ಹಳೆಯ ಮಾರ್ಗದರ್ಶಿಗಳು ಹೆಚ್ಚಾಗಿ ಮೈಕ್ರೋಟಿಕ್‌ನ ಸಾಫ್ಟ್‌ವೇರ್ ರೂಟರ್‌ಓಎಸ್‌ನ ಆವೃತ್ತಿ 6ಕ್ಕೆ ಬರೆದವು. 7ರಲ್ಲಿ ಟೇಬಲ್ ಮೊದಲೇ ಮಾಡಬೇಕು, ರಿಕರ್ಸಿವ್ ರೂಟ್‌ಗೆ ಬೇಕಾದ ‘ಟಾರ್ಗೆಟ್ ಸ್ಕೋಪ್’ ಎಂಬ ಸೆಟ್ಟಿಂಗ್‌ನ ಲೆಕ್ಕವೂ ಬೇರೆ. ನೆಟ್‌ವರ್ಕ್ ಗೊತ್ತಿಲ್ಲದವರು ಗೊತ್ತಿರುವವರ ಕೈಲೇ ಹಾಕಿಸಿಕೊಳ್ಳಿ.

ಐಪಿ ಫೋನ್ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ. ಕೇಬಲ್ ಹೋಗದೆ ಆಚೆಗಿನ ದಾರಿ ಮಾತ್ರ ಹೋದಾಗ ರೂಟರ್ ನೆನಪಿಟ್ಟುಕೊಂಡ ಹಳೆಯ ಕನೆಕ್ಷನ್ ನಮೂದುಗಳು ಫೈಬರ್‌ನ ವಿಳಾಸದಲ್ಲೇ ಉಳಿಯುತ್ತವೆ. ಫೋನ್ ಬಿಡದೆ ಪ್ಯಾಕೆಟ್ ಕಳಿಸುವುದರಿಂದ ಅವು ಅಳಿಸಿಯೂ ಹೋಗುವುದಿಲ್ಲ. ಬ್ರೌಸರ್ ಓಡುತ್ತದೆ, ಫೋನ್ ಮಾತ್ರ ಸತ್ತಿರುತ್ತದೆ. ಒಂದು ವಿಳಾಸ ಸಿಗುತ್ತಿದೆಯೇ ಅಂತ ನೋಡುತ್ತಿರುವ ರೂಟರ್‌ನ ಸೌಲಭ್ಯ ನೆಟ್‌ವಾಚ್‌ನಲ್ಲಿ ಆ ನಮೂದುಗಳನ್ನು ಅಳಿಸುವ ಚಿಕ್ಕ ಸ್ಕ್ರಿಪ್ಟ್ ಹಾಕಿ. ಫೋನ್ 4ಜಿಯಲ್ಲಿ ಮತ್ತೆ ರಿಜಿಸ್ಟರ್ ಆಗುತ್ತದೆ. ಫೈಬರ್ ವಾಪಸ್ ಬಂದಾಗಲೂ ಅದೇ ಸ್ಕ್ರಿಪ್ಟ್ ಓಡಲಿ.